ಯಂತ್ರದ ತಗಡಿನಲ್ಲಿದ್ದ ಊರು

(ಹೊರದೇಶದಲ್ಲಿ ಕೆಲಸ ಹುಡುಕುತ್ತಿರುವ ಹುಡುಗ ಹುಡುಗಿಯರಿಗಾಗಿ ಪುಣೆಯ ಕನ್ನಡ ಬಳಗವೊಂದರಲ್ಲಿ ಒಂದು ಭಾನುವಾರ ಬೆಳಗ್ಗೆ ಆಡಿದ ಮಾತಿದು. ಬರೆಯುವಾಗ ಒಂದೆರಡು ವಿಷಯ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಿಂದೆ ನಿಂತವರು ದಯವಿಟ್ಟು ಮುಂದೆ ಬನ್ನಿ, ಇಲ್ಲಿ ಕುರ್ಚಿ ಖಾಲಿ ಇವೆ.

ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ಜರ್ಮನಿಯ ಒಬ್ಬ ಹುಡುಗ ಪಂಪು ತಯಾರಿಸುವ ಕೆಲಸ ಕಲಿತಿದ್ದಾನೆ ಅಂದುಕೊಳ್ಳಿ. ಅವನಿಗೆ ಭಾರತದಲ್ಲಿ ಕೆಲಸ ಮಾಡುವ ಆಸೆ. ನಕ್ಷೆ ತೆಗೆದು ನೋಡುತ್ತಾನೆ. ರಾಜಧಾನಿ ದೆಹಲಿ. ಸರಿ, ದೆಹಲಿಗೆ ಬಂದು ಕನಾಟ್ ಪ್ಲೇಸ್ ಹತ್ತಿರ ರೂಮು ಮಾಡುತ್ತಾನೆ. ದಿನಾ ಬೆಳಗ್ಗೆ ಎದ್ದು ಅಲ್ಲೇ ಅಕ್ಕಪಕ್ಕ ಅರ್ಜಿ ಹಾಕುತ್ತಾನೆ. ನಾಲ್ಕು ತಿಂಗಳಾದರೂ ಕೆಲಸ ಸಿಗುವುದಿಲ್ಲ. ಭಾರತದಲ್ಲಿ ಕೆಲಸವೇ ಇಲ್ಲ ಅಂತ ಮನೆಗೆ ಫೋನು ಮಾಡುತ್ತಾನೆ. ನೀವು ಅವನಿಗೆ ಏನು ಹೇಳುತ್ತೀರಿ?

ಇಲ್ಲಿ ಯಾರೋ ಹೇಳಿದರು, ಕಿರ್ಲೋಸ್ಕರವಾಡಿ ಅಂತ. ಸರಿಯಾಗಿ ಹೇಳಿದಿರಿ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರರು 1910ರಲ್ಲಿ ಕುಂಡಲ್ ರೋಡ್ ಎಂಬ ಪುಟ್ಟ ರೈಲು ನಿಲ್ದಾಣದ ಪಕ್ಕ, ಬರಡು ನೆಲದಲ್ಲಿ ಕಾರ್ಖಾನೆ ಕಟ್ಟಿದರು. ಇವತ್ತಿಗೂ ಪಂಪು ಅಂದರೆ ಆ ಊರು. ಎರಕದ ಕೆಲಸ ಅಂದರೆ ಬೆಳಗಾವಿ, ಕೊಲ್ಹಾಪುರ. ಮಗ್ಗ ಅಂದರೆ ಇಚಲಕರಂಜಿ. ಇದೆಲ್ಲ ನಮಗೆ ಯಾರೂ ಕಲಿಸಿಕೊಡಬೇಕಿಲ್ಲ. ನಮ್ಮ ದೇಶ ನಮಗೆ ಗೊತ್ತು. ಆದರೆ ಹೊರದೇಶ ಅಂದ ಕೂಡಲೇ ನಮ್ಮ ಕಣ್ಣಿಗೆ ಒಂದೇ ಊರು ಕಾಣುತ್ತದೆ, ಅಲ್ವಾ? ಇಂಗ್ಲೆಂಡ್ ಅಂದರೆ ಲಂಡನ್. ಜರ್ಮನಿ ಅಂದರೆ ಬರ್ಲಿನ್.

ಆ ಹುಡುಗ ಮಾಡಿದ್ದನ್ನೇ ನಾನೂ ಮಾಡಿದೆ. ಅದಕ್ಕೇ ಇವತ್ತು ನಿಮ್ಮ ಮುಂದೆ ನಿಂತಿದ್ದೇನೆ.

2016ರ ಮಾರ್ಚಿನಲ್ಲಿ ನಾನು ಬರ್ಲಿನ್‌ಗೆ ಹೋದೆ. ಅದಕ್ಕೆ ಮೊದಲು ಪುಣೆಯ ಭೋಸರಿ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ಮೂರು ವರ್ಷ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರದ ಮೇಲೆ ಕೆಲಸ ಮಾಡಿದ್ದೆ. ಪುಣೆಯಲ್ಲೇ ಬಿ.ಇ. ಮುಗಿಸಿದ್ದೆ. ಕೈಯಲ್ಲಿ ಕೆಲಸ ಹುಡುಕುವವರಿಗೆ ಕೊಡುವ ಆರು ತಿಂಗಳ ವೀಸಾ. ಗೆಳೆಯನೊಬ್ಬ ಬರ್ಲಿನ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ. ಅವನ ರೂಮಿನಲ್ಲಿ ಇನ್ನೊಂದು ಹಾಸಿಗೆಗೆ ಜಾಗವಿತ್ತು. ಊರು ಆರಿಸಿಕೊಂಡಿದ್ದು ಅಷ್ಟೇ ಕಾರಣಕ್ಕೆ.

ಬರ್ಲಿನ್ ಚೆನ್ನಾಗಿದೆ. ಇಂಗ್ಲಿಷಿನಲ್ಲಿ ಬದುಕಬಹುದು. ಇಡ್ಲಿ ಹಿಟ್ಟು ಸಿಗುತ್ತದೆ. ಭಾನುವಾರ ನಮ್ಮವರು ನಾಲ್ಕು ಜನ ಸೇರುತ್ತಾರೆ. ಅಲ್ಲಿ ಕೆಲಸವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಸಾಫ್ಟ್‌ವೇರ್, ಸ್ಟಾರ್ಟ್‌ಅಪ್, ದೊಡ್ಡ ಆಸ್ಪತ್ರೆ, ವಿಶ್ವವಿದ್ಯಾಲಯ, ಇವೆಲ್ಲ ಇವೆ. ಆದರೆ ನನ್ನ ಕಸುಬು ಲೋಹ ಕೊರೆಯುವುದು. ನೂರರ ಹತ್ತಿರ ಅರ್ಜಿ ಹಾಕಿದೆ. ರಾತ್ರಿ ಮಲಗುವ ಮೊದಲು ಎಷ್ಟು ಯೂರೋ ಉಳಿದಿದೆ, ಎಷ್ಟು ದಿನ ಉಳಿದಿದೆ ಅಂತ ಲೆಕ್ಕ ಹಾಕುವುದು ಅಭ್ಯಾಸವಾಗಿತ್ತು. ಅಪ್ಪನಿಗೆ ಫೋನಿನಲ್ಲಿ ಮಾತ್ರ ಎಲ್ಲ ಚೆನ್ನಾಗಿದೆ ಅಂತಿದ್ದೆ.

ನಾಲ್ಕನೇ ತಿಂಗಳು. ಸಂಜೆಯ ಜರ್ಮನ್ ಕ್ಲಾಸಿನಲ್ಲಿ ಟೀಚರ್ ನಮ್ಮ ಕೆಲಸದ ಬಗ್ಗೆ ಐದು ವಾಕ್ಯ ಹೇಳಿ ಅಂದರು. ಅರವತ್ತು ದಾಟಿದ ಹೆಂಗಸು, ತುಂಬಾ ತಾಳ್ಮೆ. ನಾನು ಹೇಳಿದೆ, ನಾನು ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದೆ, ಅದು ಜರ್ಮನ್ ಯಂತ್ರ ಅಂತ. ಜರ್ಮನಿಯ ಯಾವ ಊರಿನದು ಅಂತ ಅವರು ಕೇಳಿದರು. ಅದು ಬರೀ ಭಾಷಾ ಪಾಠದ ಪ್ರಶ್ನೆ. ನನಗೆ ಉತ್ತರ ಗೊತ್ತಿರಲಿಲ್ಲ.

ಆ ರಾತ್ರಿಯೇ ಭೋಸರಿಯ ಗೆಳೆಯನಿಗೆ ಮೆಸೇಜು ಮಾಡಿದೆ. ಅವನು ನೈಟ್ ಶಿಫ್ಟಿನಲ್ಲಿದ್ದ. ಹತ್ತು ನಿಮಿಷದಲ್ಲಿ ಫೋಟೋ ಕಳಿಸಿದ. ಯಂತ್ರದ ಬಲಮಗ್ಗುಲಿಗೆ, ಮೊಣಕಾಲಿನ ಎತ್ತರದಲ್ಲಿ, ನಾಲ್ಕು ರಿವೆಟ್ ಹೊಡೆದು ಕೂರಿಸಿದ ಅಂಗೈ ಅಗಲದ ತಗಡು. ಕಂಪನಿಯ ಹೆಸರು, ಸೀರಿಯಲ್ ನಂಬರ್, ವರ್ಷ, ವೋಲ್ಟೇಜು. ಕೊನೇ ಸಾಲಿನಲ್ಲಿ ಊರು: ಟುಟ್ಲಿಂಗೆನ್. ಕೂಲಂಟ್ ಎಣ್ಣೆ ಸಿಡಿದು ಅದು ಯಾವಾಗಲೂ ಜಿಡ್ಡಾಗಿರುತ್ತಿತ್ತು. ಪ್ರತಿ ಶನಿವಾರ ಕಾಟನ್ ವೇಸ್ಟ್ ತೆಗೆದುಕೊಂಡು ಅದನ್ನು ಒರೆಸುತ್ತಿದ್ದವನು ನಾನೇ. ಮೂರು ವರ್ಷ ಒರೆಸಿದ್ದೇನೆ. ಒಮ್ಮೆಯೂ ಓದಿರಲಿಲ್ಲ.

ಟುಟ್ಲಿಂಗೆನ್ ಎಲ್ಲಿದೆ? ಜರ್ಮನಿಯ ತೆಂಕಣ ಮೂಲೆಯಲ್ಲಿ, ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ, ಡ್ಯಾನ್ಯೂಬ್ ನದಿಯ ದಂಡೆಯ ಮೇಲೆ. ಯುರೋಪಿನ ಹತ್ತು ದೇಶಗಳನ್ನು ಮುಟ್ಟುವ ಆ ನದಿ ಇಲ್ಲಿ ಇನ್ನೂ ಕೂಸು. ಬೇಸಿಗೆಯಲ್ಲಿ ಸ್ವಲ್ಪ ಮೇಲೆ, ಇಮೆಂಡಿಂಗೆನ್ ಹತ್ತಿರ, ಪೂರ್ತಿ ನೀರು ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿದುಹೋಗುತ್ತದೆ. ನದಿಯ ಪಾತ್ರದಲ್ಲೇ ಕಾಲು ಒದ್ದೆಯಾಗದೆ ನಡೆಯಬಹುದು. ಊರಿನ ಜನಸಂಖ್ಯೆ ಸುಮಾರು 35 ಸಾವಿರ. ನಮ್ಮ ಲೆಕ್ಕದಲ್ಲಿ ಒಂದು ತಾಲೂಕು ಕೇಂದ್ರ. ಆದರೆ ಊರು ಮತ್ತು ಸುತ್ತಮುತ್ತ ಸೇರಿ ವೈದ್ಯಕೀಯ ಸಲಕರಣೆ ಮಾಡುವ 400ಕ್ಕೂ ಹೆಚ್ಚು ಕಂಪನಿಗಳಿವೆ. ಆಪರೇಷನ್ ಕತ್ತರಿ, ಚಿಮಟ, ಎಂಡೋಸ್ಕೋಪ್, ಎಲ್ಲ. ಪುಣೆಯ ಯಾವುದಾದರೂ ದೊಡ್ಡ ಆಸ್ಪತ್ರೆಯ ಆಪರೇಷನ್ ಥಿಯೇಟರ್‌ಗೆ ಹೋಗಿ ಕತ್ತರಿಯ ಹಿಡಿ ನೋಡಿ. ಈ ಊರಿನ ಕತ್ತರಿ ಅಲ್ಲಿ ಸಿಗುವ ಸಂಭವ ಜಾಸ್ತಿ.

ಆ ರಾತ್ರಿ ನಿದ್ದೆ ಬರಲಿಲ್ಲ. ಆ ಜಿಲ್ಲೆಯ ಕಂಪನಿಗಳ ಹೆಸರು ಒಂದೊಂದೇ ಬರೆದುಕೊಂಡೆ. ಮುಂದಿನ ಎರಡು ವಾರದಲ್ಲಿ ಹನ್ನೊಂದು ಪತ್ರ ಹಾಕಿದೆ. ಮೂರು ಕಡೆಯಿಂದ ಕರೆ ಬಂತು. ಬರ್ಲಿನ್‌ನಿಂದ ಸ್ಟುಟ್‌ಗಾರ್ಟ್, ಅಲ್ಲಿಂದ ಹೋರ್ಬ್, ರೋಟ್‌ವೈಲ್ ದಾಟಿ ಇನ್ನೊಂದು ರೈಲು. ಇಡೀ ಹಗಲು ಪ್ರಯಾಣ.

ಅರವತ್ತು ಜನರ ಕಂಪನಿ. ಇಂಟರ್‌ವ್ಯೂ ಮಾಡಿದ್ದು ಮಾಲೀಕರೇ. ನನ್ನ ಅಂಕಪಟ್ಟಿ ಮೇಜಿನ ಮೇಲೇ ಇತ್ತು, ಅವರು ತೆರೆಯಲಿಲ್ಲ. ಶಾಪ್‌ಫ್ಲೋರ್‌ಗೆ ಕರೆದುಕೊಂಡು ಹೋಗಿ ಒಂದು ಡ್ರಾಯಿಂಗು, ಒಂದು ಉಕ್ಕಿನ ತುಂಡು, ಒಂದು ವರ್ನಿಯರ್ ಕೊಟ್ಟರು. ಅಳೆಯಿರಿ ಅಂದರು. ನಾನು ಅಳೆಯುವಾಗ ಅವರು ನೋಡುತ್ತಿದ್ದದ್ದು ನನ್ನ ಕೈಯನ್ನು. ಪಕ್ಕದಲ್ಲಿ ಒಬ್ಬ ಹಿರಿಯ ಕೆಲಸಗಾರ ಕತ್ತರಿ ಜೋಡಿಸುತ್ತಿದ್ದರು. ತಿರುಪು ಬಿಗಿ ಮಾಡಿ, ಕತ್ತರಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಎರಡು ಅಲಗುಗಳ ನಡುವೆ ಕೂದಲೆಳೆಯಷ್ಟು ಬೆಳಕು ಕಾಣುತ್ತದಾ ನೋಡುತ್ತಿದ್ದರು. ಆಮೇಲೆ ಕಿವಿಯ ಹತ್ತಿರ ತಂದು ಮೆಲ್ಲಗೆ ಮುಚ್ಚುತ್ತಿದ್ದರು. ತುದಿಯವರೆಗೂ ಒಂದೇ ಸದ್ದು ಬರಬೇಕು. ಎಲ್ಲಾದರೂ ಕಚ್ಚಿದರೆ ಮತ್ತೆ ತಿರುಪು ಬಿಚ್ಚಬೇಕು. ನಾನು ಅಳೆಯುವುದನ್ನು ಬಿಟ್ಟು ಅವರನ್ನೇ ನೋಡುತ್ತಾ ನಿಂತುಬಿಟ್ಟೆ. ಮಾಲೀಕರಿಗೆ ಅದೇ ಇಷ್ಟವಾಯಿತು ಅಂತ ಆಮೇಲೆ ಗೊತ್ತಾಯಿತು. ಅಲ್ಲಿ ಏಳು ವರ್ಷ ಇದ್ದೆ. ಈಗ ಪುಣೆ ಹತ್ತಿರದ ಚಾಕಣದಲ್ಲಿ ಇದ್ದೇನೆ.

ಇಷ್ಟು ಸಣ್ಣ ಊರಿನಲ್ಲಿ ಇಷ್ಟೊಂದು ಕೆಲಸ ಹೇಗೆ ಬಂತು? ಇದು ಅರ್ಥವಾದರೆ ಎಲ್ಲಿ ಹುಡುಕಬೇಕು ಅಂತ ತಾನಾಗಿ ಗೊತ್ತಾಗುತ್ತದೆ. ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

1871ರವರೆಗೆ ಜರ್ಮನಿ ಒಂದು ದೇಶವೇ ಆಗಿರಲಿಲ್ಲ. ಹತ್ತಾರು ಸಂಸ್ಥಾನಗಳು. ಒಂದೊಂದಕ್ಕೂ ತನ್ನದೇ ರಾಜಧಾನಿ, ತನ್ನದೇ ಕುಶಲಕರ್ಮಿಗಳು, ಹಲವಕ್ಕೆ ತನ್ನದೇ ವಿಶ್ವವಿದ್ಯಾಲಯ. ಈ ವ್ಯುರ್ಟೆಂಬರ್ಗ್ ಕಡೆ ಇನ್ನೊಂದು ಪದ್ಧತಿ ಇತ್ತು. ಅಪ್ಪ ತೀರಿಕೊಂಡರೆ ಹೊಲ ಎಲ್ಲ ಮಕ್ಕಳಿಗೂ ಪಾಲು. ನಮ್ಮಲ್ಲಿ ಆದ ಹಾಗೆಯೇ ಹಿಡುವಳಿ ಚೂರುಚೂರಾಯಿತು. ಬೇಸಾಯದಿಂದ ಹೊಟ್ಟೆ ತುಂಬಲಿಲ್ಲ. ಜನ ಮನೆಯಲ್ಲೇ ಕುಳಿತು ಗಡಿಯಾರ, ಚಾಕು, ಬೀಗ ಮಾಡಲು ಕಲಿತರು. 1848ರಲ್ಲಿ ಅಲ್ಲಿನ ಸರ್ಕಾರ ಕೈಗಾರಿಕೆ ಬೆಳೆಸಲೆಂದೇ ಒಂದು ಕಚೇರಿ ತೆರೆಯಿತು. ಟುಟ್ಲಿಂಗೆನ್‌ನಲ್ಲಿ 1867ರಲ್ಲಿ ಗೋಟ್‌ಫ್ರೀಡ್ ಯೆಟ್ಟರ್ ಎಂಬಾತ ಶಸ್ತ್ರಚಿಕಿತ್ಸೆಯ ಸಲಕರಣೆಗಳ ಕಾರ್ಯಾಗಾರ ಶುರು ಮಾಡಿದ. ಅದೇ ಮುಂದೆ ಏಸ್ಕುಲಾಪ್ ಕಂಪನಿ ಆಯಿತು. ಕೆಲಸ ಕಲಿತವರು ಹೊರಬಂದು ತಮ್ಮದೇ ಸಣ್ಣ ಅಂಗಡಿ ಹಾಕಿದರು. ನಮ್ಮ ಉಡುಪಿ ಹೋಟೆಲುಗಳು ಬೆಳೆದದ್ದೂ ಹೀಗೇ ಅಲ್ವಾ?

ಎರಡನೇ ಕಾರಣ ಯುದ್ಧ. ಎರಡನೇ ಮಹಾಯುದ್ಧಕ್ಕೆ ಮೊದಲು ಬರ್ಲಿನ್ ದೊಡ್ಡ ಕೈಗಾರಿಕಾ ನಗರ. ಸೀಮೆನ್ಸ್ ಹುಟ್ಟಿದ್ದೇ ಅಲ್ಲಿ, 1847ರಲ್ಲಿ. ಯುದ್ಧ ಮುಗಿದ ಮೇಲೆ ಬರ್ಲಿನ್ ಸುತ್ತ ಎಲ್ಲ ಸೋವಿಯತ್ ಹಿಡಿತ. ಕಂಪನಿಗಳು ಪಶ್ಚಿಮಕ್ಕೆ, ದಕ್ಷಿಣಕ್ಕೆ ಹೊರಟವು. ಸೀಮೆನ್ಸ್ ಮ್ಯೂನಿಕ್ ಮತ್ತು ಎರ್ಲಾಂಗೆನ್‌ಗೆ ಹೋಯಿತು. ಪೂರ್ವದ ಯೇನಾ ಊರಿನಲ್ಲಿದ್ದ ಕಾರ್ಲ್ ಝೈಸ್ ಕಂಪನಿಯ ಜನರನ್ನು 1945ರಲ್ಲಿ ಅಮೆರಿಕನ್ ಸೈನ್ಯ ತನ್ನ ಜೊತೆ ಕರೆದೊಯ್ದಿತು. ಅವರು ಓಬರ್‌ಕೋಹೆನ್ ಎಂಬ ಹಳ್ಳಿಯಂಥ ಊರಿನಲ್ಲಿ ಹೊಸದಾಗಿ ಶುರು ಮಾಡಿದರು. ಇವತ್ತೂ ಝೈಸ್ ಕೇಂದ್ರ ಕಚೇರಿ ಅಲ್ಲೇ. ಊರಿನ ಜನಸಂಖ್ಯೆ 8 ಸಾವಿರದ ಆಸುಪಾಸು. ಆಡಿ ಕಾರಿನ ಕಂಪನಿಯೂ ಹೀಗೇ ಪೂರ್ವದಿಂದ ಬಂದು 1949ರಲ್ಲಿ ಇಂಗೋಲ್‌ಸ್ಟಾಟ್‌ನಲ್ಲಿ ಬೇರು ಬಿಟ್ಟಿತು. ಹಾಗೆ ಹೋದವರು 1990ರಲ್ಲಿ ಎರಡು ಜರ್ಮನಿ ಒಂದಾದ ಮೇಲೂ ತಿರುಗಿ ಬರಲಿಲ್ಲ. ಇವತ್ತಿಗೂ ಬರ್ಲಿನ್‌ನ ನಿರುದ್ಯೋಗ ಪ್ರಮಾಣ ದಕ್ಷಿಣದ ಬಾಡೆನ್-ವ್ಯುರ್ಟೆಂಬರ್ಗ್, ಬವೇರಿಯಾ ರಾಜ್ಯಗಳದ್ದರ ಸುಮಾರು ಎರಡು ಪಟ್ಟು ಇದೆ.

ಸಾಫ್ಟ್‌ವೇರ್‌ನವರು ನಗಬೇಡಿ. ದೊಡ್ಡ ಸಾಫ್ಟ್‌ವೇರ್ ಕಂಪನಿ ಎಸ್‌ಎಪಿ ಎಲ್ಲಿದೆ? 15 ಸಾವಿರ ಜನರಿರುವ ವಾಲ್‌ಡೋರ್ಫ್‌ನಲ್ಲಿ. ಸರ್ಕಾರಿ ಕಚೇರಿಗಳೂ ಹಂಚಿಹೋಗಿವೆ. ಸಂವಿಧಾನ ನ್ಯಾಯಾಲಯ ಕಾರ್ಲ್ಸ್‌ರೂಯಲ್ಲಿ, ಕೇಂದ್ರ ಬ್ಯಾಂಕು ಫ್ರಾಂಕ್‌ಫರ್ಟ್‌ನಲ್ಲಿ. ಕೆಲಸ ಕೊಡಿಸುವ ಸರ್ಕಾರಿ ಇಲಾಖೆಯ ಮುಖ್ಯ ಕಚೇರಿಯೇ ನ್ಯೂರೆಂಬರ್ಗ್‌ನಲ್ಲಿ.

ನಮ್ಮ ಅಪ್ಪನ ಮಾತು ಹೇಳದೆ ಮುಂದೆ ಹೋಗಲಾರೆ. ಅಪ್ಪ ಕುಂದಾಪುರದ ಕಡೆಯವರು. 1961ರಲ್ಲಿ, ಹನ್ನೆರಡು ವರ್ಷದ ಹುಡುಗ, ಮುಂಬೈಗೆ ಬಂದರು. ಫೋರ್ಟಿನ ಹೋಟೆಲೊಂದರಲ್ಲಿ ಹಗಲು ಲೋಟ ತೊಳೆದರು, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಓದಿದರು. ದೇಶದ ರಾಜಧಾನಿ ದೆಹಲಿ ಅಂತ ಅವರಿಗೂ ಗೊತ್ತಿತ್ತು. ಆದರೆ ನಮ್ಮ ಕರಾವಳಿಯಿಂದ ಹೊರಟ ಸಾವಿರಾರು ಹುಡುಗರು ಬಂದದ್ದು ಮುಂಬೈಗೆ. ಅಪ್ಪ ಮುಂಬೈಯಲ್ಲೂ ನಿಲ್ಲಲಿಲ್ಲ. ಜೊತೆಯವರು ಮಾಟುಂಗ, ದಾದರ್‌ನಲ್ಲಿ ಜಾಗ ಹುಡುಕುತ್ತಿದ್ದಾಗ ಅವರು 1974ರಲ್ಲಿ ಪಿಂಪ್ರಿಗೆ ಬಂದು ಒಂದು ಶೆಡ್ಡಿನಲ್ಲಿ ಕ್ಯಾಂಟೀನ್ ಹಾಕಿದರು. ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಇತ್ತು, ಟೆಲ್ಕೋ ಇತ್ತು, ಆಚೆ ಆಕುರ್ಡಿಯಲ್ಲಿ ಬಜಾಜ್ ಇತ್ತು. ಶಿಫ್ಟ್ ಬಿಟ್ಟಾಗ ಸಾವಿರಾರು ಜನ ಹಸಿದು ಹೊರಗೆ ಬರುತ್ತಿದ್ದರು. 'ಪೇಟೆ ಕಾಣ್ಬೇಡ ಮಗಾ, ಹಸಿವು ಎಲ್ಲಿತ್ ಕಾಣ್' ಅನ್ನುತ್ತಿದ್ದರು. ನಾನು ಬರ್ಲಿನ್‌ಗೆ ಹೊರಟಾಗಲೂ ಅಂದಿದ್ದರು. ಹೋಟೆಲಿನ ಮಾತು ಅಂತ ಆಗ ಕಿವಿಗೆ ಹಾಕಿಕೊಳ್ಳಲಿಲ್ಲ.

ಗೋವಾದವರನ್ನು ನೋಡಿ. ಪೋರ್ಚುಗೀಸ್ ಪಾಸ್‌ಪೋರ್ಟ್ ಮಾಡಿಸಿಕೊಂಡು ಇಂಗ್ಲೆಂಡಿಗೆ ಹೋದ ಗೋವನ್ನರಲ್ಲಿ ಬಹಳ ಜನ ಲಂಡನ್ ಬಿಟ್ಟು ಪಶ್ಚಿಮದ ಸ್ವಿಂಡನ್‌ಗೆ ಹೋದರು. ಅಲ್ಲಿ ಗೋದಾಮು, ಕಾರ್ಖಾನೆಗಳಲ್ಲಿ ಕೈ ಬೇಕಿತ್ತು. ಒಬ್ಬ ಹೋದ, ತಮ್ಮನನ್ನು ಕರೆಸಿಕೊಂಡ, ಭಾವನನ್ನು ಕರೆಸಿಕೊಂಡ. ಬ್ರೆಕ್ಸಿಟ್ ಆಗಿ ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟ ಮೇಲೆ ಆ ದಾರಿ ಮುಚ್ಚಿತು. ಆದರೆ ಸ್ವಿಂಡನ್‌ನಲ್ಲಿ ಇವತ್ತೂ ಕೊಂಕಣಿ ಕೇಳುತ್ತದೆ.

ಇನ್ನು ಹುಡುಕುವುದು ಹೇಗೆ. ನನಗೆ ಗೊತ್ತಿರುವ ಒಳ್ಳೆಯ ದಾರಿ ಇದು: ಊರಿನ ಹೆಸರು ಹಾಕಿ ಕೆಲಸ ಹುಡುಕಬೇಡಿ. ನಿಮ್ಮ ಕೈಯಲ್ಲಿರುವ ವಸ್ತು ಎಲ್ಲಿಂದ ಬಂತು ನೋಡಿ. ಯಂತ್ರದ ತಗಡು, ಔಷಧಿ ಡಬ್ಬಿಯ ಕೆಳಗಿನ ಸಣ್ಣ ಅಕ್ಷರ, ಲ್ಯಾಬಿನ ತಕ್ಕಡಿ, ಬೇರಿಂಗಿನ ಪೆಟ್ಟಿಗೆ, ಇವುಗಳ ಮೇಲೆ ಸಾಮಾನ್ಯವಾಗಿ ಊರಿನ ಹೆಸರಿರುತ್ತದೆ. ಎರಡನೆಯದು, ವಸ್ತು ಪ್ರದರ್ಶನಗಳು. ಡ್ಯೂಸೆಲ್‌ಡೋರ್ಫ್‌ನಲ್ಲಿ ಪ್ರತಿ ನವೆಂಬರ್‌ನಲ್ಲಿ ವೈದ್ಯಕೀಯ ಸಲಕರಣೆಗಳ ಪ್ರದರ್ಶನ ಮೆಡಿಕಾ ನಡೆಯುತ್ತದೆ. ಯಂತ್ರೋಪಕರಣಕ್ಕೆ ಹ್ಯಾನೋವರ್‌ನ ಇಎಂಒ, ನಮ್ಮ ಬೆಂಗಳೂರಿನ ಇಮ್‌ಟೆಕ್ಸ್. ಇವುಗಳಲ್ಲಿ ಮಳಿಗೆ ಹಾಕುವ ಕಂಪನಿಗಳ ಪಟ್ಟಿ ಎಲ್ಲರಿಗೂ ಸಿಗುತ್ತದೆ, ಊರಿನ ಸಮೇತ. ಒಂದು ಸಂಜೆ ಕುಳಿತು ಆ ಊರುಗಳನ್ನು ನಕ್ಷೆಯಲ್ಲಿ ಗುರುತು ಮಾಡಿ. ಚುಕ್ಕಿ ಎಲ್ಲಿ ದಟ್ಟವಾಗಿದೆಯೋ ಅಲ್ಲಿ ನಿಮ್ಮ ಕಸುಬು ಇದೆ. ಒಂದು ಕಡೆ ಕೆಲಸ ಹೋದರೂ ಪಕ್ಕದ ಊರಿನಲ್ಲಿ ಇನ್ನೊಂದು ಸಿಗುತ್ತದೆ.

ಸಣ್ಣ ಕಂಪನಿಗಳು ಬಹಳಷ್ಟು ಸಲ ಜಾಹೀರಾತೇ ಕೊಡುವುದಿಲ್ಲ. ಖಾಲಿ ಹುದ್ದೆ ಇದೆ ಅಂತ ಹೇಳದಿದ್ದರೂ ಅರ್ಜಿ ಹಾಕುವುದು ಅಲ್ಲಿ ತಪ್ಪಲ್ಲ, ಅದಕ್ಕೊಂದು ಹೆಸರೇ ಇದೆ. ನೂರು ಕಡೆ ಒಂದೇ ಪತ್ರ ಕಳಿಸಬೇಡಿ. ಹತ್ತು ಕಡೆ ಹತ್ತು ಪತ್ರ ಬರೆಯಿರಿ, ಜರ್ಮನ್‌ನಲ್ಲಿ, ನಿಮ್ಮ ಯಂತ್ರವನ್ನು ನಾನು ಬಲ್ಲೆ ಅಂತ ಬರೆಯಿರಿ. ಹಳೆಯ ಕಂಪನಿಯಿಂದ ನೀವು ಏನೇನು ಮಾಡಿದಿರಿ ಅನ್ನುವ ವಿವರವಾದ ಪತ್ರ ತೆಗೆದುಕೊಳ್ಳಿ. 'ಇವರು ಇಲ್ಲಿ ಕೆಲಸ ಮಾಡಿದ್ದಾರೆ' ಎನ್ನುವ ಒಂದು ಸಾಲಿನ ಸರ್ಟಿಫಿಕೇಟ್ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ವೀಸಾದ ವಿಷಯ ಬೇಗ ಮುಗಿಸುತ್ತೇನೆ, ನಿಯಮ ಬದಲಾಗುತ್ತಿರುತ್ತದೆ, ಹೊರಡುವ ಮುನ್ನ ಸರ್ಕಾರಿ ಮಾಹಿತಿಯನ್ನೇ ನೋಡಿ. 2024ರ ಜೂನ್ 1ರಿಂದ ಜರ್ಮನಿಯಲ್ಲಿ ಕೆಲಸ ಹುಡುಕುವವರಿಗೆ ಆಪರ್ಚುನಿಟಿ ಕಾರ್ಡ್ ಬಂದಿದೆ. ಡಿಗ್ರಿ ಅಥವಾ ಕನಿಷ್ಠ ಎರಡು ವರ್ಷದ ವೃತ್ತಿ ಶಿಕ್ಷಣ ಇರಬೇಕು, ಜರ್ಮನ್ ಎ1 (ಭಾಷಾ ಪರೀಕ್ಷೆಯ ಮೊದಲ ಮಟ್ಟ; ಆಮೇಲೆ ಎ2, ಬಿ1, ಬಿ2 ಹೀಗೆ) ಅಥವಾ ಇಂಗ್ಲಿಷ್ ಬಿ2 ಇರಬೇಕು, ವಯಸ್ಸು, ಅನುಭವ, ಭಾಷೆಗೆಲ್ಲ ಅಂಕ ಸೇರಿ ಆರು ಆಗಬೇಕು. ಒಂದು ವರ್ಷದವರೆಗೆ ಅಲ್ಲಿದ್ದು ಹುಡುಕಬಹುದು, ವಾರಕ್ಕೆ 20 ಗಂಟೆ ದುಡಿಯಲೂಬಹುದು. ಆ ವರ್ಷವನ್ನು ನನ್ನ ಹಾಗೆ ಒಂದೇ ಊರಿನಲ್ಲಿ ಕಳೆಯಬೇಡಿ. ಅದೇ ವರ್ಷ ಅಕ್ಟೋಬರ್‌ನಲ್ಲಿ ಜರ್ಮನ್ ಸರ್ಕಾರ ಭಾರತದ ನುರಿತ ಕೆಲಸಗಾರರಿಗೆ ಕೊಡುವ ವೀಸಾವನ್ನು ವರ್ಷಕ್ಕೆ 20 ಸಾವಿರದಿಂದ 90 ಸಾವಿರಕ್ಕೆ ಏರಿಸುವುದಾಗಿ ಹೇಳಿತು. ಬ್ಲೂ ಕಾರ್ಡ್‌ಗೆ (ಓದಿದವರಿಗೆ ಕೊಡುವ ಕೆಲಸದ ಪರವಾನಗಿ) ಬೇಕಾದ ಕನಿಷ್ಠ ಸಂಬಳ, 2025ರಲ್ಲಿ ವರ್ಷಕ್ಕೆ 48,300 ಯೂರೋ, ದೇಶಕ್ಕೆಲ್ಲ ಒಂದೇ. ಕೊರತೆ ಇರುವ ಕಸುಬುಗಳಿಗೆ ಅದಕ್ಕಿಂತ ಕಡಿಮೆ. ಮ್ಯೂನಿಕ್‌ನಲ್ಲಿ ಆ ಸಂಬಳದ ದೊಡ್ಡ ಪಾಲು ಬಾಡಿಗೆಗೇ ಹೋಗುತ್ತದೆ. ಸಣ್ಣ ಊರಿನಲ್ಲಿ ಕೈಯಲ್ಲಿ ಉಳಿಯುತ್ತದೆ.

ಬೇರೆ ದೇಶಗಳೂ ಈಗ ದೊಡ್ಡ ನಗರದಿಂದ ಹೊರಗೆ ಬನ್ನಿ ಅಂತಲೇ ಕರೆಯುತ್ತಿವೆ. ಆಸ್ಟ್ರೇಲಿಯಾದಲ್ಲಿ ಪ್ರಾದೇಶಿಕ ಭಾಗಗಳಿಗೆಂದೇ ಕೊಡುವ 491 ವೀಸಾಕ್ಕೆ ಹೆಚ್ಚುವರಿ 15 ಅಂಕ ಇದೆ. ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಬಿಟ್ಟು ಉಳಿದದ್ದೆಲ್ಲ ಅವರ ಲೆಕ್ಕದಲ್ಲಿ ಪ್ರಾದೇಶಿಕ ಭಾಗ. ಅವರ ರಾಜಧಾನಿ ಕ್ಯಾನ್‌ಬೆರಾ ಕೂಡ ಅದರಲ್ಲೇ ಬರುತ್ತದೆ! ಕೆನಡಾದಲ್ಲಿ ಅಟ್ಲಾಂಟಿಕ್ ಕರಾವಳಿಯ ನಾಲ್ಕು ಪ್ರಾಂತ್ಯಗಳಿಗೇ ಬೇರೆ ದಾರಿ ಇದೆ.

ಈಗ ಕಷ್ಟದ ಮಾತು. ಸಿಹಿ ಮಾತ್ರ ಹೇಳಿ ನಿಮ್ಮನ್ನು ವಿಮಾನ ಹತ್ತಿಸಿದರೆ ನಾನು ಮೋಸ ಮಾಡಿದ ಹಾಗೆ.

ಭಾಷೆ ಬೇಕೇ ಬೇಕು. ಬರ್ಲಿನ್‌ನಲ್ಲಿ ಇಂಗ್ಲಿಷ್ ನಡೆಯಿತು, ಅದಕ್ಕೇ ನಾಲ್ಕು ತಿಂಗಳಲ್ಲಿ ನನ್ನ ಜರ್ಮನ್ ಒಂದಿಂಚು ಮುಂದೆ ಹೋಗಲಿಲ್ಲ. ಟುಟ್ಲಿಂಗೆನ್‌ನಲ್ಲಿ ಬೇಕರಿಯವಳ ಜೊತೆ, ಡಾಕ್ಟರ ಜೊತೆ, ಮಗನ ಶಾಲೆಯಲ್ಲಿ, ಎಲ್ಲ ಕಡೆ ಜರ್ಮನ್. ಅದೂ ಪುಸ್ತಕದ ಜರ್ಮನ್ ಅಲ್ಲ, ಶ್ವಾಬಿಯನ್ ಆಡುಮಾತು. ಮಂಡ್ಯದವನು ಕುಂದಾಪುರದ ಮದುವೆ ಮನೆಯಲ್ಲಿ ಕುಳಿತ ಹಾಗೆ. 'ನಮಗೆ ಎಲ್ಲ ಬರುತ್ತದೆ, ಶುದ್ಧ ಜರ್ಮನ್ ಒಂದು ಬಿಟ್ಟು' ಅಂತ ಆ ರಾಜ್ಯವೇ 1999ರಲ್ಲಿ ಜಾಹೀರಾತು ಮಾಡಿತ್ತು. ಪುಣೆಯಲ್ಲಿರುವ ನಮಗೆ ಒಂದು ಅನುಕೂಲ ಇದೆ. ಜರ್ಮನ್ ಕಲಿಯಲು ಇಲ್ಲಿ ಮ್ಯಾಕ್ಸ್ ಮುಲ್ಲರ್ ಭವನ ಇದೆ, ಫರ್ಗ್ಯುಸನ್ ಕಾಲೇಜು ರಸ್ತೆಯಲ್ಲಿ ರಾನಡೆ ಇನ್‌ಸ್ಟಿಟ್ಯೂಟ್ ಇದೆ. ಬಿ1 ಮುಗಿಸಿಯೇ ಹೊರಡಿ. ಅಲ್ಲಿ ಹೋಗಿ ಕಲಿಯುತ್ತೇನೆ ಅನ್ನುವವರು ಸುಮ್ನೆ ದುಡ್ಡು, ಸಮಯ ಎರಡೂ ಕಳೆದುಕೊಳ್ಳುತ್ತಾರೆ.

ನಾವು ಮನೆ ಸೇರಿದ ಎರಡನೇ ವಾರ ಬಾಗಿಲ ಹಿಡಿಗೆ ಒಂದು ಸಣ್ಣ ಮರದ ಫಲಕ ನೇತಾಡುತ್ತಿತ್ತು. 'ಕೇರ್‌ವೋಹೆ' ಅಂತ ಬರೆದಿತ್ತು. ನನ್ನ ಹೆಂಡತಿ ಅದನ್ನು ಅಲಂಕಾರಕ್ಕೆ ಅಂದುಕೊಂಡು ಒಳಗೆ ತಂದು ದೇವರ ಗೂಡಿನ ಪಕ್ಕ ಇಟ್ಟಳು. ಶನಿವಾರ ಸಂಜೆ ಕೆಳಗಿನ ಮನೆಯ ಅಜ್ಜಿ ಬಂದರು. ಫಲಕ ಬಂದ ವಾರ ಮೆಟ್ಟಿಲು, ಅಂಗಳ, ಮುಂದಿನ ಕಾಲುದಾರಿ ಗುಡಿಸಿ ಒರೆಸುವ ಸರದಿ ಆ ಮನೆಯದು. ಮುಗಿದ ಮೇಲೆ ಪಕ್ಕದ ಬಾಗಿಲಿಗೆ ತೂಗುಹಾಕಬೇಕು. ಅಜ್ಜಿ ಬೈಯಲಿಲ್ಲ. ಬಕೆಟ್ ತಂದು ಮೇಲಿನ ಮೆಟ್ಟಿಲಿನಿಂದ ಶುರು ಮಾಡಿ ತೋರಿಸಿದರು. ನನ್ನವಳು ಧಾರವಾಡದವಳು. 'ನಮ್ಮ ಕಡೆ ಅಂಗಳ ಸಾರಿಸಿದಂಗ ಐತಿ ತಗೋ' ಅಂದಳು. ಆ ಅಜ್ಜಿಯೇ ಮುಂದೆ ಅವಳಿಗೆ ಭಾಷೆ ಕಲಿಸಿದರು. ಬೇಳೆಯನ್ನು ಶಾವಿಗೆಯಂಥ ಹಿಟ್ಟಿನ ಎಳೆಗಳ ಜೊತೆ ಬೇಯಿಸಿ ಕೊಡುತ್ತಿದ್ದರು, ನಮಗಾಗಿ ಮಾಂಸ ಬಿಟ್ಟು. ದೊಡ್ಡ ನಗರದಲ್ಲಿ ಹೀಗೆ ಯಾರು ಬಾಗಿಲು ತಟ್ಟುತ್ತಾರೆ?

ಆದರೂ ಮೊದಲ ಎರಡು ವರ್ಷ ನನ್ನ ಹೆಂಡತಿ ಮನೆಯಲ್ಲೇ ಇದ್ದಳು. ಎಂ.ಎಸ್‌ಸಿ. ಓದಿದವಳು. ನವೆಂಬರ್‌ನಲ್ಲಿ ನಾಲ್ಕೂವರೆಗೆ ಕತ್ತಲು. ಸಂಜೆ ಏಳರ ಮೇಲೆ ಬಸ್ಸಿಲ್ಲ. ಕನ್ನಡ ಮಾತಾಡಲು ಸ್ಟುಟ್‌ಗಾರ್ಟ್‌ವರೆಗೆ ಹೋಗಬೇಕು. ಬಿ2 ಮುಗಿಸಿದ ಮೇಲೆ ಅವಳಿಗೆ ಲ್ಯಾಬೊಂದರಲ್ಲಿ ಕೆಲಸ ಸಿಕ್ಕಿತು, ಆದರೆ ಆ ಎರಡು ವರ್ಷ ಅವಳು ತೆತ್ತ ಬೆಲೆ. ಮದುವೆಯಾದವರು ಊರು ಆರಿಸುವಾಗ ಇಬ್ಬರ ಕಸುಬನ್ನೂ ನಕ್ಷೆಯ ಮೇಲೆ ಇಡಿ. ನಾನು ಇಡಲಿಲ್ಲ, ಅದು ತಪ್ಪಾಯಿತು. ಇನ್ನೊಂದು: ನಮ್ಮ ಡ್ರೈವಿಂಗ್ ಲೈಸೆನ್ಸ್ ಅಲ್ಲಿ ನೆಲೆಸಿದ ಮೇಲೆ ಆರು ತಿಂಗಳು ಮಾತ್ರ ನಡೆಯುತ್ತದೆ. ಸಣ್ಣ ಊರಿನಲ್ಲಿ ಕಾರಿಲ್ಲದೆ ಕಷ್ಟ. ಅಲ್ಲಿಗೆ ಹೋದ ಮೊದಲ ತಿಂಗಳೇ ಅಲ್ಲಿನ ಲೈಸೆನ್ಸಿಗೆ ಶುರು ಮಾಡಿ.

ಒಂದೇ ಕೈಗಾರಿಕೆಯ ಊರಿಗೆ ಹೋಗುವಾಗ ಆ ಕೈಗಾರಿಕೆಯ ನಾಡಿಯನ್ನೂ ಹಿಡಿದು ನೋಡಿ. ವಾಹನದ ಬಿಡಿಭಾಗ ಮಾಡುವ ಝಡ್‌ಎಫ್ ಕಂಪನಿ 2024ರಲ್ಲಿ, 2028ರೊಳಗೆ ಜರ್ಮನಿಯಲ್ಲಿ 14 ಸಾವಿರದವರೆಗೆ ಹುದ್ದೆ ಕಡಿಮೆ ಮಾಡುವುದಾಗಿ ಹೇಳಿತು. ಫೋಕ್ಸ್‌ವ್ಯಾಗನ್ 2030ರೊಳಗೆ 35 ಸಾವಿರಕ್ಕೂ ಹೆಚ್ಚು. ಡೀಸೆಲ್ ಎಂಜಿನ್ನಿನ ಭಾಗ ಮಾಡುವ ಊರಿಗೆ ಈಗ ಹೊಸದಾಗಿ ಹೋಗಬೇಡಿ ಅಂತಲೇ ಹೇಳುತ್ತೇನೆ.

ಟುಟ್ಲಿಂಗೆನ್‌ನಲ್ಲಿದ್ದಾಗ ಒಂದು ಶನಿವಾರ ಟ್ಯೂಬಿಂಗೆನ್‌ಗೆ ಹೋಗಿದ್ದೆವು. ನಮ್ಮ ನಿಘಂಟಿನ ಕಿಟ್ಟೆಲ್ ಕೊನೆಗಾಲ ಕಳೆದು 1903ರಲ್ಲಿ ತೀರಿಕೊಂಡ ಊರು. 1843ರಲ್ಲಿ 'ಮಂಗಳೂರು ಸಮಾಚಾರ' ಶುರು ಮಾಡಿದ ಮೋಗ್ಲಿಂಗ್ ಕೂಡ ಇದೇ ಸೀಮೆಯ ಬ್ರಾಕೆನ್‌ಹೈಮ್‌ನವರು. ಅವರ ಕೆಲಸ ಜನರ ನಡುವೆ ಇತ್ತು, ಆದ್ದರಿಂದ ಆಗಿನ ರಾಜಧಾನಿ ಕಲ್ಕತ್ತೆಯಲ್ಲಿ ಕೂರದೆ ಮಂಗಳೂರು, ಧಾರವಾಡ, ಹುಬ್ಬಳ್ಳಿ, ಕೊಡಗು ಅಂತ ತಿರುಗಿದರು, ಅಲ್ಲಿನ ಜನರ ಮಾತು ಕಲಿತರು. ನೆಕಾರ್ ನದಿಯ ಸೇತುವೆ ಮೇಲೆ ನಿಂತು ನನ್ನ ಮಗನಿಗೆ ಇದನ್ನು ಹೇಳಿದೆ. ಅವನು ಶ್ವಾಬಿಯನ್ ಧಾಟಿಯಲ್ಲಿ 'ಕಿಟ್ಟೆಲೆ' ಅಂದ. ಅಲ್ಲಿನವರು ಪ್ರೀತಿಯ ಹೆಸರಿಗೆಲ್ಲ ಹಾಗೊಂದು 'ಲೆ' ಸೇರಿಸುತ್ತಾರೆ.

ಕೊನೆಗೆ ನೀವು ಕೇಳಿದ ಎರಡು ಪ್ರಶ್ನೆ. ಮಿರಜ್‌ನಲ್ಲಿ ನರ್ಸಿಂಗ್ ಓದಿದ ತಂಗಿ ಕೇಳಿದರು, ನಮಗೂ ಸಣ್ಣ ಊರು ಒಳ್ಳೆಯದಾ ಅಂತ. ನಿಮಗೆ ಇನ್ನೂ ಒಳ್ಳೆಯದು. ಅಲ್ಲಿ ನರ್ಸ್ ಓದಿಗೆ ಮಾನ್ಯತೆ ಕೊಡುವುದು ಆಯಾ ರಾಜ್ಯದ ಕಚೇರಿ. ಆದ್ದರಿಂದ ಯಾವ ರಾಜ್ಯ ಅಂತ ಮೊದಲು ತೀರ್ಮಾನ ಮಾಡಿ, ಆಮೇಲೆ ಕಾಗದ ಕಳಿಸಿ. ಸಾಮಾನ್ಯವಾಗಿ ಬಿ2 ಕೇಳುತ್ತಾರೆ. ಪರೀಕ್ಷೆ ಅಥವಾ ತರಬೇತಿ ಮುಗಿಯುವವರೆಗೆ ಸಹಾಯಕಿಯಾಗಿ ದುಡಿಯಬಹುದು. ಉಳಿಯಲು ಕೋಣೆ ಕೊಡುವ ಜಿಲ್ಲಾ ಆಸ್ಪತ್ರೆಗಳು ಇವೆ, ಕೇಳಿ ನೋಡಿ.

ಇನ್ನೊಬ್ಬರು ಏಜೆಂಟರ ಬಗ್ಗೆ ಕೇಳಿದರು. ನನ್ನ ಚಿಕ್ಕಪ್ಪನ ಮಗನಿಂದ ಒಬ್ಬ ಏಜೆಂಟ್ ಎರಡು ಲಕ್ಷ ತೆಗೆದುಕೊಂಡು 'ಬರ್ಲಿನ್‌ನಲ್ಲಿ ಗ್ಯಾರಂಟಿ ಕೆಲಸ' ಅಂದ. ಕೆಲಸವೂ ಬರಲಿಲ್ಲ, ದುಡ್ಡೂ ಬರಲಿಲ್ಲ. ಹುಡುಗ ಇವತ್ತೂ ಆ ಸಾಲ ತೀರಿಸುತ್ತಿದ್ದಾನೆ. ನೋಂದಾಯಿತ ಏಜೆಂಟರು ಪಡೆಯಬಹುದಾದ ಶುಲ್ಕಕ್ಕೆ ಸರ್ಕಾರ 30 ಸಾವಿರ ರೂಪಾಯಿ ಮತ್ತು ಜಿಎಸ್‌ಟಿ ಅಂತ ಮಿತಿ ಹಾಕಿದೆ. ನೋಂದಣಿ ಇದೆಯಾ ಇಲ್ಲವಾ ಅಂತ ವಿದೇಶಾಂಗ ಇಲಾಖೆಯ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ನೋಡಬಹುದು. ನೋಡದೆ ಒಂದು ರೂಪಾಯಿ ಕೊಡಬೇಡಿ. ಅಮ್ಮನ ಬಳೆಯನ್ನಂತೂ ಅಡ ಇಡಬೇಡಿ.

ಅಲ್ಲಿಗೆ ಮಾತು ಮುಗಿಯಿತು. ಚಹಾ ಕುಡಿಯುವಾಗ ಒಬ್ಬ ಹುಡುಗ ಬಂದ. ಜಮಖಂಡಿ ಕಡೆಯವನು, ರಾಂಜಣಗಾಂವ್‌ನಲ್ಲಿ ಗ್ರೈಂಡಿಂಗ್ ಯಂತ್ರದ ಮೇಲೆ ಕೆಲಸ. ನಾನು ಮಾತಾಡುತ್ತಿದ್ದಾಗಲೇ ತನ್ನ ಶಿಫ್ಟಿನ ಗೆಳೆಯನಿಗೆ ಹೇಳಿ ತಗಡಿನ ಫೋಟೋ ತರಿಸಿದ್ದ. ಊರಿನ ಹೆಸರು ನಾನೂ ಕೇಳಿರಲಿಲ್ಲ. ಇಬ್ಬರೂ ನಕ್ಷೆಯಲ್ಲಿ ಹುಡುಕಿದೆವು. ಒಂದು ಹೊಳೆ, ಒಂದು ಚರ್ಚು, ಹೊಳೆಯ ಪಕ್ಕ ಉದ್ದನೆಯ ಕಾರ್ಖಾನೆ. ರೈಲು ನಿಲ್ದಾಣ ಆರು ಕಿಲೋಮೀಟರ್ ದೂರ. ಕಂಪನಿಯಲ್ಲಿ ಮೂರು ಹುದ್ದೆ ಖಾಲಿ ಇದ್ದವು. ಅದರಲ್ಲಿ ಒಂದು ಅವನು ಈಗ ಮಾಡುತ್ತಿರುವ ಕೆಲಸವೇ. ಬಿ1 ಬೇಕು ಅಂತ ಬರೆದಿದ್ದರು. ಅವನದು ಎ2 ಆಗಿತ್ತು. ಮುಂದಿನ ಬ್ಯಾಚ್ ಯಾವಾಗ ಶುರುವಾಗುತ್ತದೆ ಅಂತ ಕೇಳಿದ. ಲೋಟ ಅಲ್ಲೇ ಇಟ್ಟು ಫೋನು ಮಾಡಲು ಹೊರಗೆ ಹೋದ.